ಎಚ್ಚರದ ಕುರಿ, ಅರಿವಳಿಕೆಯ ಕುರಿ: 'ಸಹಜ' ಅಂಕಿ ಯಾವುದು?

ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, 2025ರ ಏಪ್ರಿಲ್ 10ರಂದು ಒಂದು ಪ್ರಕಟಣೆ ಹೊರಡಿಸಿತು. ಮೊನೊಕ್ಲೋನಲ್ ಪ್ರತಿಕಾಯಗಳೂ (ಒಂದು ನಿರ್ದಿಷ್ಟ ಗುರಿಗೆ ಅಂಟುವಂತೆ ಪ್ರಯೋಗಾಲಯದಲ್ಲಿ ತಯಾರಿಸಿದ ಪ್ರೋಟೀನುಗಳು) ಸೇರಿದಂತೆ ಕೆಲವು ಔಷಧಗಳ ಪರೀಕ್ಷೆಯಲ್ಲಿ ಪ್ರಾಣಿಗಳ ಬಳಕೆಯನ್ನು ಹಂತಹಂತವಾಗಿ ಕೈಬಿಡಲಾಗುವುದು ಎಂಬುದು ಅದರ ಸಾರ. ಅದೇ ತಿಂಗಳ ಕೊನೆಯಲ್ಲಿ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯೂ ತನ್ನ ಅನುದಾನದ ಸಂಶೋಧನೆಗಳಲ್ಲಿ ಪ್ರಾಣಿ ಬಳಕೆ ತಗ್ಗಿಸುವ ಯೋಜನೆ ಪ್ರಕಟಿಸಿತು. ಪ್ರಾಣಿ ಪ್ರಯೋಗದ ಯುಗವೇ ಮುಗಿಯಿತೆಂಬ ಭಾವನೆ ಸುದ್ದಿ ಓದಿದ ಹಲವರಲ್ಲಿ ಮೂಡಿತು. ಆದರೆ ಕೃತಕ ಗರ್ಭಕೋಶದಲ್ಲಿ ಬೆಳೆದ ಕುರಿಮರಿಯ ಕುರಿತು, ಕುರಿಯ ಎದೆಯಲ್ಲಿ ಪರೀಕ್ಷೆಗೊಳಗಾದ ಹೃದಯ ಕವಾಟದ ಕುರಿತು ವರದಿಗಳು ಬರುವುದು ಮಾತ್ರ ನಿಂತಿಲ್ಲ. ಒಂದು ಕಡೆ ಕೈಬಿಡುತ್ತೇವೆ ಎನ್ನುತ್ತಾರೆ, ಇನ್ನೊಂದು ಕಡೆ ಮುಂದುವರಿಸುತ್ತಾರೆ. ಇವೆರಡೂ ಒಟ್ಟಿಗೆ ನಿಜವಾಗುವುದು ಹೇಗೆ ಎಂಬ ಗೊಂದಲ ಸಹಜವಾದದ್ದೇ.

ಈ ಗೊಂದಲ ಬಿಡಿಸಲು ಹೊರಟರೆ, ಮೇಲ್ನೋಟಕ್ಕೆ ಬಹಳ ಸಣ್ಣದೆನಿಸುವ ಒಂದು ಪ್ರಶ್ನೆಗೆ ಬಂದು ನಿಲ್ಲಬೇಕಾಗುತ್ತದೆ. ಆರೋಗ್ಯವಾಗಿರುವ ಕುರಿಯ ನಾಡಿ ಬಡಿತ, ರಕ್ತದೊತ್ತಡ, ಮೈಶಾಖ, ರಕ್ತದ ಆಮ್ಲಜನಕ ಇವುಗಳ ಸಹಜ ಮಟ್ಟ ಎಷ್ಟು? ಆ ಮಟ್ಟವನ್ನು ಕುರಿ ಎಚ್ಚರವಾಗಿದ್ದಾಗ ಅಳೆದದ್ದೋ, ಅರಿವಳಿಕೆ ಕೊಟ್ಟು ಮಲಗಿಸಿದಾಗ ಅಳೆದದ್ದೋ? ಎಷ್ಟು ಕುರಿಗಳನ್ನು ಪ್ರಯೋಗಶಾಲೆಗೆ ತರಬೇಕು, ಎಷ್ಟನ್ನು ತರದೇ ಬಿಡಬಹುದು ಎಂಬ ಲೆಕ್ಕ ಈ ಉತ್ತರದ ಮೇಲೆ ನಿಂತಿದೆ.

ಪ್ರಕಟಣೆಯ ವ್ಯಾಪ್ತಿ ಎಷ್ಟು

ಎಫ್‌ಡಿಎ ಪ್ರಕಟಣೆಗೆ ಎರಡು ವರ್ಷಗಳಿಗೂ ಮಿಕ್ಕಿದ ಹಿನ್ನೆಲೆಯಿದೆ. ಅಮೆರಿಕದ ಸಂಸತ್ತು 2022ರ ಡಿಸೆಂಬರ್‌ನಲ್ಲಿ ಒಂದು ತಿದ್ದುಪಡಿ ತಂದು, ಮನುಷ್ಯರ ಮೇಲೆ ಪ್ರಯೋಗಿಸುವ ಮುನ್ನ ಔಷಧವನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಲೇಬೇಕೆಂದು 1938ರ ಕಾನೂನಿನಿಂದ ಬಂದಿದ್ದ ಕಡ್ಡಾಯವನ್ನು ತೆಗೆದುಹಾಕಿತು. ತೆಗೆದದ್ದು ಕಡ್ಡಾಯವನ್ನು ಮಾತ್ರ. ಪ್ರಾಣಿ ಪರೀಕ್ಷೆಯನ್ನು ಯಾರೂ ನಿಷೇಧಿಸಲಿಲ್ಲ. ಭಾರತವೂ 2023ರ ಮಾರ್ಚ್‌ನಲ್ಲಿ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮಗಳಿಗೆ ತಿದ್ದುಪಡಿ ತಂದು, ಜೀವಕೋಶ ಆಧಾರಿತ ಪರೀಕ್ಷೆ, ಕಂಪ್ಯೂಟರ್ ಮಾದರಿ ಮುಂತಾದ ಪ್ರಾಣಿಯೇತರ ವಿಧಾನಗಳಿಗೆ ಅವಕಾಶ ಕಲ್ಪಿಸಿತು. 2025ರ ಪ್ರಕಟಣೆ ಇದೇ ದಾರಿಯ ಮುಂದಿನ ಹೆಜ್ಜೆ. ಮೂರರಿಂದ ಐದು ವರ್ಷಗಳಲ್ಲಿ ಔಷಧ ಸುರಕ್ಷತೆಯ ಪ್ರಾಣಿ ಪರೀಕ್ಷೆ ರೂಢಿಯಾಗಿ ಉಳಿಯದೆ ಅಪವಾದವಾಗಬೇಕು ಎಂಬುದು ಅದರ ಗುರಿ.

ಇಲ್ಲಿ 'ಔಷಧ' ಎಂಬ ಪದವನ್ನು ಗಮನಿಸಬೇಕು. ಔಷಧದ ವಿಷತ್ವ ಪರೀಕ್ಷೆಗೆ ಮುಖ್ಯವಾಗಿ ಬಳಕೆಯಾಗುವುದು ಇಲಿ, ಮೊಲ, ನಾಯಿ ಮತ್ತು ಕೋತಿ. ಕುರಿಯ ಬಳಕೆ ಹೆಚ್ಚಿರುವುದು ಬೇರೆಡೆ: ಹೃದಯ ಕವಾಟ, ಕೃತಕ ಹೃದಯ ಪಂಪು, ಮೂಳೆಗೆ ಜೋಡಿಸುವ ಲೋಹದ ಸಾಧನಗಳು, ತೀವ್ರ ನಿಗಾ ಘಟಕದ ಉಸಿರಾಟ ಯಂತ್ರಗಳು ಮತ್ತು ಗರ್ಭಸ್ಥ ಶಿಶುವಿನ ಅಧ್ಯಯನ. ಯಕೃತ್ತಿನ ಜೀವಕೋಶಗಳನ್ನು ಪ್ರಯೋಗಾಲಯದ ಪುಟ್ಟ 'ಚಿಪ್' ಮೇಲೆ ಬೆಳೆಸಿ ಔಷಧದ ವಿಷತ್ವವನ್ನು ಅಂದಾಜು ಮಾಡಬಹುದು. ಆದರೆ ನಿಮಿಷಕ್ಕೆ ಎಂಬತ್ತು ಸಲದಂತೆ ತಿಂಗಳುಗಟ್ಟಲೆ ತೆರೆದು ಮುಚ್ಚುವ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟುತ್ತದೆಯೇ, ಕ್ಯಾಲ್ಸಿಯಂ ಕೂರುತ್ತದೆಯೇ ಎಂದು ನೋಡಲು ಮಿಡಿಯುವ ಹೃದಯ ಬೇಕು, ಅದರೊಳಗೆ ಹರಿಯುವ ಜೀವಂತ ರಕ್ತ ಬೇಕು. ಹೀಗಾಗಿ ಪ್ರಕಟಣೆಯ ನೇರ ಪರಿಣಾಮ ಕುರಿಯ ಮೇಲೆ ಸದ್ಯಕ್ಕೆ ಕಡಿಮೆ. ಪರೋಕ್ಷ ಪರಿಣಾಮ ಮಾತ್ರ ದೊಡ್ಡದು.

ಕುರಿಯನ್ನೇ ಆರಿಸುವುದೇಕೆ

ದೊಡ್ಡ ತಳಿಯ ಬೆಳೆದ ಕುರಿಯ ದೇಹತೂಕ ಮತ್ತು ಹೃದಯದ ಗಾತ್ರ ವಯಸ್ಕ ಮನುಷ್ಯನದ್ದಕ್ಕೆ ಹತ್ತಿರ. ಅದರ ಹೃದಯ ನಿಮಿಷಕ್ಕೆ ಹೊರಹಾಕುವ ರಕ್ತ ಸುಮಾರು 4ರಿಂದ 6 ಲೀಟರ್. ವಿಶ್ರಾಂತಿಯಲ್ಲಿರುವ ಮನುಷ್ಯನದ್ದೂ ಸುಮಾರು 5 ಲೀಟರ್. ಮನುಷ್ಯನಿಗೆಂದು ಮಾಡಿದ ಸಾಧನವನ್ನು ಗಾತ್ರ ಬದಲಿಸದೆ ಅದರೊಳಗೆ ಕೂರಿಸಬಹುದು. ಹಂದಿಯಂತೆ ಕೆಲವೇ ತಿಂಗಳಲ್ಲಿ ಬೆಳೆದು ಸಾಧನದ ಅಳತೆ ಮೀರುವುದಿಲ್ಲ, ಸ್ವಭಾವವೂ ಸಾಧು. ಎಳೆಯ ಕುರಿಯಲ್ಲಿ ಪ್ರಾಣಿ ಅಂಗಾಂಶದಿಂದ ಮಾಡಿದ ಕವಾಟಗಳ ಮೇಲೆ ಕ್ಯಾಲ್ಸಿಯಂ ಬೇಗ ಕೂರುವುದರಿಂದ, ಮನುಷ್ಯನಲ್ಲಿ ವರ್ಷಗಳ ನಂತರ ಕಾಣುವ ದೋಷ ಇಲ್ಲಿ ತಿಂಗಳುಗಳಲ್ಲೇ ಬಯಲಾಗುತ್ತದೆ.

ಭಾರತದ ಮಟ್ಟಿಗೆ ಇದರ ಪರಿಚಿತ ಉದಾಹರಣೆ ತಿರುವನಂತಪುರದ ಶ್ರೀ ಚಿತ್ರ ತಿರುನಾಳ್ ಸಂಸ್ಥೆಯಲ್ಲಿ ಎಂ. ಎಸ್. ವಲಿಯತ್ತಾನ್ ಅವರ ನೇತೃತ್ವದಲ್ಲಿ ರೂಪುಗೊಂಡ ಚಿತ್ರ ಕವಾಟ. ಆರಂಭದ ಮಾದರಿಗಳು ಒಂದಾದ ಮೇಲೊಂದು ವಿಫಲವಾದ ಬಳಿಕ ಸಿದ್ಧವಾದ ಮಾದರಿ ಕುರಿಗಳಲ್ಲಿ ಪರೀಕ್ಷೆಗೊಳಗಾಗಿ, 1990ರ ಡಿಸೆಂಬರ್‌ನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರಿಗೆ ಅಳವಡಿಕೆಯಾಯಿತು.

ಎಚ್ಚರದ ಕುರಿಯ ಅಂಕಿಗಳು

ಪಶುವೈದ್ಯರು ಸಾಮಾನ್ಯವಾಗಿ ಬಳಸುವ ಮಾನದಂಡಗಳ ಪ್ರಕಾರ ಆರೋಗ್ಯವಂತ ಕುರಿಯ ಗುದಶಾಖ 38.3ರಿಂದ 39.9 ಡಿಗ್ರಿ ಸೆಲ್ಸಿಯಸ್, ಹೃದಯ ಬಡಿತ ನಿಮಿಷಕ್ಕೆ 70ರಿಂದ 80ರ ಆಸುಪಾಸು, ಉಸಿರಾಟ ನಿಮಿಷಕ್ಕೆ 16ರಿಂದ 34. ಅಪಧಮನಿಯ ಸರಾಸರಿ ರಕ್ತದೊತ್ತಡ 80ರಿಂದ 110 ಮಿಲಿಮೀಟರ್ ಪಾದರಸದ ನಡುವೆ ಇರುತ್ತದೆ. ರಕ್ತದಲ್ಲಿ ಕೆಂಪು ಕಣಗಳ ಪಾಲು, ಅಂದರೆ ಹೆಮಟೊಕ್ರಿಟ್, ಶೇ 27ರಿಂದ 45. ಹಿಮೋಗ್ಲೋಬಿನ್ ಡೆಸಿಲೀಟರಿಗೆ 9ರಿಂದ 15 ಗ್ರಾಂ.

ಇವುಗಳಲ್ಲಿ ಕೆಲವನ್ನು ಮನುಷ್ಯನ ಪ್ರಯೋಗಾಲಯ ವರದಿಯ ಕಣ್ಣಿನಿಂದ ಓದಿದರೆ ಕುರಿ ಸದಾ ಕಾಯಿಲೆಯಲ್ಲಿರುವಂತೆ ಕಾಣುತ್ತದೆ. ಮನುಷ್ಯನಿಗೆ 39.5 ಡಿಗ್ರಿ ಎಂದರೆ ಜೋರು ಜ್ವರ. ಕುರಿಗೆ ಅದು ನೆಮ್ಮದಿಯ ಶಾಖ. ರಕ್ತದ ಸಕ್ಕರೆಯದ್ದು ಇನ್ನೂ ಸ್ವಾರಸ್ಯದ ಸಂಗತಿ. ಕುರಿಯಲ್ಲಿ ಅದು ಡೆಸಿಲೀಟರಿಗೆ 50ರಿಂದ 80 ಮಿಲಿಗ್ರಾಂ. ಮನುಷ್ಯನಲ್ಲಿ 50 ಕಂಡರೆ ತಕ್ಷಣ ಗ್ಲೂಕೋಸ್ ಕೊಡಬೇಕಾದ ಸ್ಥಿತಿ. ಕಾರಣವೇನೆಂದರೆ, ಕುರಿ ತಿಂದ ಮೇವಿನ ಪಿಷ್ಟ, ಸಕ್ಕರೆ ಮತ್ತು ನಾರೆಲ್ಲ ಮೆಲುಕು ಹೊಟ್ಟೆಯ ಸೂಕ್ಷ್ಮಜೀವಿಗಳ ಪಾಲಾಗಿ ಹುದುಗಿ, ಆಮ್ಲಗಳ ರೂಪದಲ್ಲಿ ರಕ್ತಕ್ಕೆ ಸೇರುತ್ತದೆ. ಗ್ಲೂಕೋಸ್ ನೇರವಾಗಿ ಕರುಳಿನಿಂದ ಬರುವುದು ಅತ್ಯಲ್ಪ. ಅಗತ್ಯವಿದ್ದಷ್ಟನ್ನು ಯಕೃತ್ತು ಆ ಆಮ್ಲಗಳಿಂದಲೇ, ಮುಖ್ಯವಾಗಿ ಪ್ರೊಪಿಯೋನಿಕ್ ಆಮ್ಲದಿಂದ, ತಯಾರಿಸಿಕೊಳ್ಳುತ್ತದೆ. ಹೀಗಾಗಿ ಕಡಿಮೆ ಸಕ್ಕರೆಯಲ್ಲೇ ಕುರಿಯ ಬದುಕು ಸರಾಗವಾಗಿ ಸಾಗುತ್ತದೆ.

ಎಚ್ಚರದಲ್ಲೂ ಹಲವು ಬಗೆ

ಮೇಲಿನ ಅಂಕಿಗಳನ್ನು 'ಎಚ್ಚರದ ಕುರಿಯವು' ಎಂದು ಕರೆದರೂ, ಎಚ್ಚರ ಎಂಬುದು ಒಂದೇ ಸ್ಥಿತಿಯೆಂದು ತಿಳಿಯುವಂತಿಲ್ಲ. ಕುರಿ ಮಂದೆಯ ಪ್ರಾಣಿ. ಅದನ್ನು ಹಿಡಿದು, ಮಂದೆಯಿಂದ ಬೇರ್ಪಡಿಸಿ, ಅಪರಿಚಿತ ಕೋಣೆಗೆ ತಂದು ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟರೆ ಆಗ ಎಣಿಸಿದ್ದು ವಿಶ್ರಾಂತಿಯ ಬಡಿತವಾಗುವುದಿಲ್ಲ, ಭಯದ ಬಡಿತವಾಗುತ್ತದೆ. ಅದು 120 ದಾಟಿದರೂ ಆಶ್ಚರ್ಯವಿಲ್ಲ. ಇನ್ನೊಂದು ಕುರಿ ಕಣ್ಣಿಗೆ ಬೀಳುವಷ್ಟು ದೂರದಲ್ಲಿದ್ದರೆ ಸಾಕು, ಬಡಿತ ಇಳಿಯುತ್ತದೆ. ಕುರಿಗಳು ತಮ್ಮ ಮಂದೆಯ ಹತ್ತಾರು ಮುಖಗಳನ್ನು ಗುರುತಿಟ್ಟುಕೊಳ್ಳುತ್ತವೆ ಎಂದು ಬ್ರಿಟನ್ನಿನ ವಿಜ್ಞಾನಿಗಳು 2001ರಲ್ಲೇ ತೋರಿಸಿದ್ದಾರೆ. 'ಕುರಿ' ಎಂಬುದನ್ನು ಬೈಗುಳವಾಗಿ ಬಳಸುವವರು ಇದನ್ನು ತಿಳಿದಿರುವುದು ಒಳ್ಳೆಯದು.

ಭಯದ ಪರಿಣಾಮ ಬಡಿತಕ್ಕೆ ಮುಗಿಯುವುದಿಲ್ಲ. ಕುರಿಯ ಗುಲ್ಮ ಕೆಂಪು ರಕ್ತಕಣಗಳ ಉಗ್ರಾಣವಿದ್ದಂತೆ. ಬೆದರಿದಾಗ ಅಥವಾ ಓಡಿದಾಗ ಅದು ಸಂಕುಚಿಸಿ ಕಣಗಳನ್ನು ರಕ್ತಕ್ಕೆ ತಳ್ಳುತ್ತದೆ, ಹೆಮಟೊಕ್ರಿಟ್ ಏರುತ್ತದೆ. ಜೊತೆಗೆ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಏರಿ, ಸಕ್ಕರೆಯೂ ಏರುತ್ತದೆ. ಬೇಸಗೆಯಾದರೆ ಲೆಕ್ಕವೇ ಬೇರೆ. ಉಣ್ಣೆ ಹೊತ್ತ ಮೈಯನ್ನು ತಂಪಾಗಿಸಲು ಕುರಿ ಏದುಸಿರು ಬಿಡುತ್ತದೆ. ಬಿರುಬಿಸಿಲಿನಲ್ಲಿ ಉಸಿರಾಟ ನಿಮಿಷಕ್ಕೆ 200 ದಾಟಬಹುದು. ಏದುಸಿರಿನೊಡನೆ ಇಂಗಾಲದ ಡೈಆಕ್ಸೈಡ್ ಹೆಚ್ಚು ಹೊರಹೋಗಿ ರಕ್ತ ಇನ್ನಷ್ಟು ಕ್ಷಾರೀಯವಾಗುತ್ತದೆ. ಹೀಗೆ ಒಂದೇ ಕುರಿಯ 'ಸಹಜ' ಅಂಕಿ ಬೆಳಿಗ್ಗೆ ಮತ್ತು ಮಧ್ಯಾಹ್ನಕ್ಕೆ, ಮಂದೆಯೊಳಗೆ ಮತ್ತು ಹೊರಗೆ ಬೇರೆಯಾಗುತ್ತದೆ. ಇದೇ ಕಾರಣಕ್ಕೆ ಈಚಿನ ವರ್ಷಗಳಲ್ಲಿ ಚರ್ಮದಡಿ ಸಣ್ಣ ಸಂವೇದಕ ಕೂರಿಸಿ, ಕುರಿ ತನ್ನ ಪಾಡಿಗೆ ಮೇಯುತ್ತ, ಮೆಲುಕು ಹಾಕುತ್ತ ಇರುವಾಗಲೇ ದೂರದಿಂದ ಅಂಕಿ ಪಡೆಯುವ ವಿಧಾನಕ್ಕೆ ಸಂಶೋಧಕರು ಒಲಿದಿದ್ದಾರೆ.

ಅರಿವಳಿಕೆ ಕೊಟ್ಟ ಮೇಲೆ ಬದಲಾಗುವುದೇನು

ಸಾಧನಗಳ ಪರೀಕ್ಷೆಯಲ್ಲಿ ಬಹುಪಾಲು ಅಳತೆಗಳು ನಡೆಯುವುದು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ. ಅಲ್ಲಿ ಕುರಿಗೆ ಅರಿವಳಿಕೆ ಕೊಟ್ಟಿರುತ್ತಾರೆ. ಇಂದು ಇದಕ್ಕೆ ಹೆಚ್ಚಾಗಿ ಬಳಕೆಯಾಗುವುದು ಐಸೊಫ್ಲುರೇನ್ ಎಂಬ ಉಸಿರಿನ ಮೂಲಕ ಕೊಡುವ ಅನಿಲ. ಈ ಅನಿಲ ರಕ್ತನಾಳಗಳನ್ನು ಸಡಿಲಿಸುತ್ತದೆ, ಹೃದಯದ ಹಿಂಡುವ ಬಲವನ್ನೂ ತುಸು ತಗ್ಗಿಸುತ್ತದೆ. ಪರಿಣಾಮವಾಗಿ ಎಚ್ಚರದಲ್ಲಿ 90 ಅಥವಾ 100 ಇದ್ದ ಸರಾಸರಿ ರಕ್ತದೊತ್ತಡ 60–75ಕ್ಕೆ ಇಳಿಯುವುದು ಸಾಮಾನ್ಯ. ಕೊಡುವ ಪ್ರಮಾಣ ಹೆಚ್ಚಿದಷ್ಟೂ ಇಳಿತ ಹೆಚ್ಚು. 60ಕ್ಕಿಂತ ಕೆಳಗೆ ಹೋದರೆ ಮೂತ್ರಪಿಂಡದಂತಹ ಅಂಗಗಳಿಗೆ ರಕ್ತ ಸಾಲದೆಂಬ ಆತಂಕದಿಂದ ಅರಿವಳಿಕೆ ತಜ್ಞರು ದ್ರವವನ್ನೋ ಔಷಧವನ್ನೋ ಕೊಡುತ್ತಾರೆ. ಅಂದರೆ ಮೇಜಿನ ಮೇಲಿನ ಕುರಿಯಲ್ಲಿ 70 ಎಂಬುದು 'ಅರಿವಳಿಕೆಯಲ್ಲಿ ಸಹಜ'. ಅದೇ ಅಂಕಿ ಕೊಟ್ಟಿಗೆಯಲ್ಲಿ ನಿಂತಿರುವ ಕುರಿಯಲ್ಲಿ ಕಂಡರೆ ಆಘಾತದ ಸೂಚನೆ.

ಉಸಿರಾಟದ ಬದಲಾವಣೆ ಇದಕ್ಕಿಂತ ತೊಡಕಿನದು, ಏಕೆಂದರೆ ಇಲ್ಲಿ ಔಷಧದ ಜೊತೆಗೆ ಹೊಟ್ಟೆಯೂ ಸೇರಿಕೊಳ್ಳುತ್ತದೆ. ಬೆಳೆದ ಕುರಿಯ ಮೆಲುಕು ಹೊಟ್ಟೆ ಹತ್ತು ಲೀಟರಿಗೂ ಮಿಕ್ಕಿದ ಮೇವು, ನೀರು ಮತ್ತು ಅನಿಲವನ್ನು ಹಿಡಿದಿಟ್ಟುಕೊಂಡಿರುತ್ತದೆ. ನಿಂತಾಗ ಆ ಭಾರ ಕೆಳಹೊಟ್ಟೆಯ ಮೇಲೆ ಬೀಳುತ್ತದೆ. ಬೆನ್ನ ಮೇಲೆ ಮಲಗಿಸಿದರೆ ಅದೇ ಭಾರ ಎದೆ ಮತ್ತು ಹೊಟ್ಟೆಯ ನಡುವಿನ ವಪೆಯನ್ನು ಎದೆಯೊಳಕ್ಕೆ ನೂಕಿ ಶ್ವಾಸಕೋಶವನ್ನು ಒತ್ತುತ್ತದೆ, ಹೃದಯಕ್ಕೆ ರಕ್ತ ಮರಳಿ ತರುವ ಮಹಾ ಅಭಿಧಮನಿಯನ್ನೂ ಅದುಮುತ್ತದೆ. ಶ್ವಾಸಕೋಶದ ಕೆಲವು ಭಾಗಗಳಿಗೆ ಗಾಳಿ ತಲುಪುವುದಿಲ್ಲ, ಆದರೆ ರಕ್ತ ಅಲ್ಲಿ ಹರಿಯುತ್ತಲೇ ಇರುತ್ತದೆ. ಆ ರಕ್ತ ಆಮ್ಲಜನಕ ಪಡೆಯದೆ ಹಾಗೆಯೇ ಮರಳುತ್ತದೆ. ಹೀಗಾಗಿ ಶುದ್ಧ ಆಮ್ಲಜನಕ ಕೊಟ್ಟರೂ ರಕ್ತದ ಆಮ್ಲಜನಕದ ಒತ್ತಡ ಲೆಕ್ಕಾಚಾರದ ಮಟ್ಟವನ್ನು ಮುಟ್ಟುವುದಿಲ್ಲ. ಯಂತ್ರದ ನೆರವಿಲ್ಲದೆ ತಾನೇ ಉಸಿರಾಡುವ ಕುರಿಯಲ್ಲಿ ಇಂಗಾಲದ ಡೈಆಕ್ಸೈಡಿನ ಒತ್ತಡ, ಎಚ್ಚರದಲ್ಲಿ 35ರ ಆಸುಪಾಸು ಇದ್ದದ್ದು, 50 ದಾಟುವುದು ಅಪರೂಪವೇನಲ್ಲ.

ಹುದುಗುವಿಕೆಯಂತೂ ಅರಿವಳಿಕೆಗೆ ಮಣಿಯುವುದಿಲ್ಲ. ಎಚ್ಚರದ ಕುರಿ ಆಗಾಗ ತೇಗಿ ಅನಿಲ ಹೊರಹಾಕುತ್ತದೆ. ಪ್ರಜ್ಞೆ ತಪ್ಪಿದಾಗ ತೇಗು ನಿಲ್ಲುತ್ತದೆ, ಅನಿಲದ ಉತ್ಪಾದನೆ ನಿಲ್ಲುವುದಿಲ್ಲ. ಹೊಟ್ಟೆ ಉಬ್ಬಿ ಮೇಲೆ ಹೇಳಿದ ಒತ್ತಡ ಹೊತ್ತು ಕಳೆದಂತೆ ಹೆಚ್ಚುತ್ತಲೇ ಹೋಗುತ್ತದೆ. ಜೊಲ್ಲಿನದ್ದೂ ಇದೇ ಕತೆ. ದಿನಕ್ಕೆ 6ರಿಂದ 16 ಲೀಟರ್ ಜೊಲ್ಲು ಸುರಿಸಿ ನುಂಗುವ ಪ್ರಾಣಿ ಇದು. ಆ ಜೊಲ್ಲಿನಲ್ಲಿರುವ ಬೈಕಾರ್ಬನೇಟ್ ಹೊಟ್ಟೆಯ ಆಮ್ಲವನ್ನು ಶಮನಗೊಳಿಸುತ್ತದೆ. ಅರಿವಳಿಕೆಯಲ್ಲಿ ಜೊಲ್ಲು ಬಾಯಿಂದ ಹೊರಗೆ ಹರಿದುಹೋಗುತ್ತದೆ, ನುಂಗುವುದಿಲ್ಲ. ಗಂಟೆಗಟ್ಟಲೆಯ ಶಸ್ತ್ರಚಿಕಿತ್ಸೆಯಲ್ಲಿ ದೇಹ ಕ್ಷಾರ ಕಳೆದುಕೊಂಡು ರಕ್ತ ಆಮ್ಲೀಯತೆಯತ್ತ ವಾಲುತ್ತದೆ. ಜೊಲ್ಲೋ ಹೊಟ್ಟೆಯಿಂದ ಮೇಲೆ ಬಂದ ಮೇವಿನ ರಸವೋ ಶ್ವಾಸನಾಳಕ್ಕೆ ಇಳಿದರೆ ನ್ಯುಮೋನಿಯ ಕಾದಿದೆ. ಶಸ್ತ್ರಚಿಕಿತ್ಸೆಗೆ ಮುನ್ನ 12ರಿಂದ 24 ಗಂಟೆ ಮೇವು ನಿಲ್ಲಿಸುವುದು, ಉಬ್ಬುವ ಪಟ್ಟಿಯುಳ್ಳ ಕೊಳವೆಯನ್ನು ಶ್ವಾಸನಾಳಕ್ಕೆ ಇಳಿಸುವುದು, ಹೊಟ್ಟೆಗೆ ಇನ್ನೊಂದು ಕೊಳವೆ ಬಿಡುವುದು, ಮೂತಿ ತಗ್ಗಿನಲ್ಲಿರುವಂತೆ ತಲೆ ಇಡುವುದು, ಎಚ್ಚರಗೊಳ್ಳುವಾಗ ಎದೆಯ ಮೇಲೆ ಕೂರಿಸಿದಂತೆ ಮಲಗಿಸುವುದು ಇವೆಲ್ಲ ಈ ಕಾರಣಕ್ಕೇ. ಉಪವಾಸ ಕೆಡವಿದ್ದರಿಂದಲೇ ಕೆಲವು ರಕ್ತದ ಅಂಕಿಗಳು ಬದಲಾಗುತ್ತವೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಗುಲ್ಮದ ಪಾತ್ರ ಇಲ್ಲಿ ಮತ್ತೆ ಬರುತ್ತದೆ, ಈ ಬಾರಿ ತಿರುವುಮುರುವಾಗಿ. ಅರಿವಳಿಕೆಯಲ್ಲಿ ಗುಲ್ಮ ಸಡಿಲಗೊಂಡು ಕೆಂಪು ಕಣಗಳನ್ನು ಒಳಗೆ ಎಳೆದುಕೊಳ್ಳುತ್ತದೆ, ಹೆಮಟೊಕ್ರಿಟ್ ಕುಸಿಯುತ್ತದೆ. ಒಂದು ಹೃದಯ ಪಂಪನ್ನು ಪರೀಕ್ಷಿಸುತ್ತಿದ್ದಾರೆ ಎಂದುಕೊಳ್ಳೋಣ. ಪಂಪು ಕೂರಿಸುವ ಮುನ್ನ, ಕುರಿ ಎಚ್ಚರವಿದ್ದಾಗ, ಹೆಮಟೊಕ್ರಿಟ್ ಶೇ 35. ಪಂಪು ಚಾಲೂ ಆದ ಎರಡು ಗಂಟೆಗೆ ಶೇ 28. ಪಂಪು ರಕ್ತಕಣಗಳನ್ನು ಒಡೆಯುತ್ತಿದೆಯೇ? ಒಡೆಯುತ್ತಿರಬಹುದು. ಭಯದಿಂದ ಏರಿದ್ದು ಅರಿವಳಿಕೆಯಿಂದ ಇಳಿದಿರಬಹುದು. ರಕ್ತನಾಳಕ್ಕೆ ಬಿಟ್ಟ ದ್ರವದಿಂದ ರಕ್ತ ತೆಳುವಾಗಿರಲೂಬಹುದು. ಪಂಪು ಇಲ್ಲದೆ, ಅದೇ ಅರಿವಳಿಕೆಯಲ್ಲಿ, ಅಷ್ಟೇ ಹೊತ್ತು ಮಲಗಿದ್ದ ಕುರಿಯ ಅಂಕಿ ಕೈಯಲ್ಲಿಲ್ಲದಿದ್ದರೆ ಈ ಮೂರನ್ನು ಬೇರ್ಪಡಿಸಲು ದಾರಿಯಿಲ್ಲ. ಶೇ 35 ಮತ್ತು 28 ಎರಡೂ ಪಠ್ಯಪುಸ್ತಕದ 27–45ರ ಒಳಗೇ ಬರುವುದರಿಂದ ಪುಸ್ತಕ ನೋಡಿ ತೀರ್ಮಾನಿಸಲೂ ಆಗದು.

ಕ್ಸೈಲಜೀನ್: ಕುರಿಗೆ ಮಾತ್ರ ಒಗ್ಗದ ಮದ್ದು

ಯಾವ ಮದ್ದು ಕೊಟ್ಟರು ಎಂಬುದೂ ಅಂಕಿಯ ಭಾಗವೇ ಎನ್ನಲು ಕ್ಸೈಲಜೀನ್‌ಗಿಂತ ಒಳ್ಳೆಯ ಸಾಕ್ಷಿ ಸಿಗದು. 1962ರಲ್ಲಿ ಜರ್ಮನಿಯಲ್ಲಿ ರಕ್ತದೊತ್ತಡದ ಔಷಧವಾಗಲೆಂದು ತಯಾರಾಗಿ, ಕೊನೆಗೆ ಪಶುವೈದ್ಯರ ಕಿಟ್ಟಿನಲ್ಲಿ ನೆಲೆನಿಂತ ಮತ್ತಿನ ಮದ್ದು ಇದು. ಅಗ್ಗ, ಚುಚ್ಚುಮದ್ದಿನಲ್ಲೇ ಕೆಲಸ ಮುಗಿಯುತ್ತದೆ, ಯಂತ್ರ ಬೇಡ. ಮೆಲುಕು ಹಾಕುವ ಪ್ರಾಣಿಗಳು ಇದಕ್ಕೆ ಬಹಳ ಸೂಕ್ಷ್ಮ. ಕುದುರೆಗೆ ಕೊಡುವ ಪ್ರಮಾಣದ ಹತ್ತನೇ ಒಂದು ಭಾಗ ಸಾಕು. ಕುರಿಯಲ್ಲಿ ಇನ್ನೊಂದು ಅಪಾಯವಿದೆ. ಕುರಿಯ ಶ್ವಾಸಕೋಶದ ಸೂಕ್ಷ್ಮ ರಕ್ತನಾಳಗಳ ಗೋಡೆಗೆ ಅಂಟಿಕೊಂಡ ಒಂದು ಬಗೆಯ ರಕ್ಷಕ ಕೋಶಗಳು ಈ ಮದ್ದಿನಿಂದ ಕೆರಳಿ, ನಾಳಗಳಿಂದ ದ್ರವ ಒಸರಿ, ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುತ್ತದೆ. ಎಚ್ಚರದಲ್ಲಿ 90–100 ಇರುವ ಆಮ್ಲಜನಕದ ಒತ್ತಡ ಕೆಲವೇ ನಿಮಿಷಗಳಲ್ಲಿ 50ಕ್ಕಿಂತ ಕೆಳಗಿಳಿದದ್ದು ದಾಖಲಾಗಿದೆ. ಜೊತೆಗೆ ಇನ್ಸುಲಿನ್ ಸ್ರವಿಕೆ ತಗ್ಗಿ ಸಕ್ಕರೆ ಏರುತ್ತದೆ. ಶ್ವಾಸಕೋಶದ ಸಾಧನವನ್ನೋ ಮಧುಮೇಹದ ಚಿಕಿತ್ಸೆಯನ್ನೋ ಪರೀಕ್ಷಿಸುವ ಪ್ರಯೋಗದಲ್ಲಿ ಈ ಮದ್ದು ಬಳಸಿ ಅದನ್ನು ವರದಿಯಲ್ಲಿ ನಮೂದಿಸದೆ ಹೋದರೆ, ಓದುವವರು ಮದ್ದಿನ ಪರಿಣಾಮವನ್ನು ಸಾಧನದ ಖಾತೆಗೆ ಬರೆದುಕೊಳ್ಳುತ್ತಾರೆ.

ಅರಿವಳಿಕೆಯೇ ಮರೆಮಾಚಿದ ಸತ್ಯ

ಈ ಅಪಾಯ ಬರೀ ಊಹೆಯದಲ್ಲ. ಗರ್ಭಸ್ಥ ಶಿಶುವಿನ ಕುರಿತ ನಮ್ಮ ತಿಳಿವಳಿಕೆ ಇಂಥದೇ ಮುಸುಕಿನಲ್ಲಿ ದಶಕಗಳ ಕಾಲ ಉಳಿದಿತ್ತು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಕೇಂಬ್ರಿಜ್‌ನ ಜೋಸೆಫ್ ಬಾರ್‌ಕ್ರಾಫ್ಟ್ ಮತ್ತು ಇತರರು ಗಬ್ಬದ ಕುರಿಗೆ ಅರಿವಳಿಕೆ ಕೊಟ್ಟು, ಹೊಟ್ಟೆ ತೆರೆದು ಭ್ರೂಣದ ಅಳತೆಗಳನ್ನು ತೆಗೆಯುತ್ತಿದ್ದರು. ಭ್ರೂಣ ಎವರೆಸ್ಟ್ ಶಿಖರದ ಮೇಲಿರುವಂತೆ ಆಮ್ಲಜನಕದ ಕೊರತೆಯಲ್ಲಿ ಬದುಕುತ್ತದೆ ಎಂಬ ಚಿತ್ರ ಆ ಕಾಲದಲ್ಲಿ ಬೇರೂರಿತು. 1960ರ ದಶಕದಲ್ಲಿ ವಿಧಾನ ಬದಲಾಯಿತು. ಒಮ್ಮೆ ಶಸ್ತ್ರಚಿಕಿತ್ಸೆ ಮಾಡಿ ಭ್ರೂಣದ ರಕ್ತನಾಳಕ್ಕೆ ಸಪುರ ಕೊಳವೆ ಕೂರಿಸಿ, ಹೊಟ್ಟೆ ಮುಚ್ಚಿ, ತಾಯಿಕುರಿ ಚೇತರಿಸಿಕೊಂಡು ಎದ್ದು ನಿಂತು ಮೇಯತೊಡಗಿದ ಮೇಲೆ, ದಿನಗಟ್ಟಲೆ ಆ ಕೊಳವೆಯಿಂದ ರಕ್ತ ತೆಗೆದು ನೋಡುವುದು ಸಾಧ್ಯವಾಯಿತು. ಆಮ್ಲಜನಕದ ಒತ್ತಡ ಕಡಿಮೆಯಿದ್ದರೂ ಭ್ರೂಣ ತನಗೆ ಬೇಕಾದಷ್ಟನ್ನು ಪಡೆಯುತ್ತದೆ ಎಂಬುದು ಆಗ ಸ್ಪಷ್ಟವಾಯಿತು.

ಅದಕ್ಕಿಂತ ದೊಡ್ಡ ಅಚ್ಚರಿ 1970ರ ಸುಮಾರಿಗೆ ಬಂತು. ಆಕ್ಸ್‌ಫರ್ಡ್‌ನ ಜೆಫ್ರಿ ಡಾಸ್ ಅವರ ತಂಡ ಎಚ್ಚರದ ತಾಯಿಕುರಿಯ ಗರ್ಭದಲ್ಲಿನ ಮರಿ ದಿನದ ಗಣನೀಯ ಭಾಗ ಉಸಿರಾಟದ ಚಲನೆ ಮಾಡುತ್ತದೆ ಎಂದು ಕಂಡುಕೊಂಡಿತು. ಗಾಳಿಯೇ ಇಲ್ಲದಲ್ಲಿ ಹುಟ್ಟುವ ಮೊದಲೇ ಮರಿ ಎದೆ ಆಡಿಸಿ ಅಭ್ಯಾಸ ಮಾಡುತ್ತಿತ್ತು. ಅರಿವಳಿಕೆ ಈ ಚಲನೆಯನ್ನು ಅಡಗಿಸುತ್ತದೆ. ಹಾಗಾಗಿ ಹಿಂದಿನವರ ಕಣ್ಣಿಗೆ ಅದು ಬಿದ್ದಿರಲಿಲ್ಲ. ಇಂದು ತುಂಬು ಗರ್ಭಿಣಿಯರಿಗೆ ಮಾಡುವ ಬಯೋಫಿಸಿಕಲ್ ಪ್ರೊಫೈಲ್ ಎಂಬ ಸ್ಕ್ಯಾನಿಂಗ್‌ನಲ್ಲಿ ವೈದ್ಯರು ಮಗುವಿನ ಉಸಿರಾಟದ ಚಲನೆಗೆ ಅಂಕ ಕೊಡುತ್ತಾರೆ. ಆ ಅಂಕದ ಬೇರು ಎಚ್ಚರದ ಕುರಿಯಲ್ಲಿದೆ. ಅದೇ ಕಾಲಘಟ್ಟದಲ್ಲಿ ನ್ಯೂಜಿಲೆಂಡಿನ ಗ್ರಹಾಂ ಲಿಗಿನ್ಸ್, ಹೆರಿಗೆ ಹೇಗೆ ಶುರುವಾಗುತ್ತದೆ ಎಂದು ಅರಿಯಲು ಭ್ರೂಣಕ್ಕೆ ಸ್ಟೆರಾಯ್ಡ್ ಕೊಟ್ಟಾಗ, ದಿನ ತುಂಬುವ ಬಹಳ ಮೊದಲೇ ಹುಟ್ಟಿದ ಮರಿಗಳ ಶ್ವಾಸಕೋಶ ಅನಿರೀಕ್ಷಿತವಾಗಿ ಅರಳಿದ್ದನ್ನು ಗಮನಿಸಿದರು. ರಾಸ್ ಹೋವಿ ಅವರೊಡನೆ 1972ರಲ್ಲಿ ಪ್ರಕಟಿಸಿದ ಅವರ ಪ್ರಯೋಗದಿಂದ ಅಕಾಲ ಪ್ರಸವದ ಸೂಚನೆಯಿರುವ ತಾಯಂದಿರಿಗೆ ಸ್ಟೆರಾಯ್ಡ್ ಚುಚ್ಚುಮದ್ದು ಕೊಡುವ ಪದ್ಧತಿ ಬೆಳೆಯಿತು.

2017ರಲ್ಲಿ ಸುದ್ದಿಯಾದ ಫಿಲಡೆಲ್ಫಿಯ ಮಕ್ಕಳ ಆಸ್ಪತ್ರೆಯ ದ್ರವ ತುಂಬಿದ ಚೀಲ ಇದೇ ಪರಂಪರೆಯ ಮುಂದುವರಿಕೆ. ಕುರಿಯ ಗರ್ಭಾವಧಿ ಸುಮಾರು 147 ದಿನ. ಅದಕ್ಕಿಂತ ತಿಂಗಳಿಗೂ ಮೊದಲೇ ಹೊರತೆಗೆದ ಮರಿಗಳನ್ನು ಆ ಚೀಲದಲ್ಲಿ ನಾಲ್ಕು ವಾರಗಳವರೆಗೆ ಉಳಿಸಲಾಯಿತು. ಮನುಷ್ಯ ಶಿಶುಗಳಲ್ಲಿ ಇದನ್ನು ಹೇಗೆ ಪ್ರಯೋಗಿಸಬಹುದೆಂದು 2023ರ ಸೆಪ್ಟೆಂಬರ್‌ನಲ್ಲಿ ಎಫ್‌ಡಿಎ ಸಲಹಾ ಸಮಿತಿ ಚರ್ಚಿಸಿತು. ಚೀಲದಲ್ಲಿನ ಮರಿಯ ಬಡಿತ, ಒತ್ತಡ, ಆಮ್ಲಜನಕ ಸಹಜ ಎನ್ನಬೇಕಾದರೆ, ತಾಯಿ ಎಚ್ಚರವಿದ್ದಾಗ ಗರ್ಭದೊಳಗಿನ ಮರಿಯ ಅಂಕಿಗಳೇ ಒರೆಗಲ್ಲು.

ಯಾರ ವಾದವೇನು

ಪ್ರಾಣಿ ಪ್ರಯೋಗ ಪೂರ್ತಿ ನಿಲ್ಲಬೇಕೆನ್ನುವವರು ಮೇಲಿನ ತೊಡಕುಗಳನ್ನೇ ತಮ್ಮ ಪರವಾಗಿ ಎತ್ತಿ ತೋರಿಸುತ್ತಾರೆ. ನಾಲ್ಕು ಕೋಣೆಯ ಹೊಟ್ಟೆ, ಮನುಷ್ಯನಿಗಿಂತ ಕಡಿಮೆ ಸಕ್ಕರೆ, ಬೇರೆಯೇ ಬಗೆಯ ಶ್ವಾಸಕೋಶ ಕೋಶಗಳುಳ್ಳ ಪ್ರಾಣಿಯಿಂದ ಮನುಷ್ಯನ ಬಗ್ಗೆ ಏನು ಕಲಿಯಬಹುದು ಎಂಬುದು ಅವರ ಪ್ರಶ್ನೆ. ಈ ಪ್ರಶ್ನೆಯಲ್ಲಿ ತೂಕವಿದೆ, ನೋವಿನ ಪ್ರಶ್ನೆಯಲ್ಲಿ ಇನ್ನೂ ಹೆಚ್ಚು. ಬೇಟೆಗೆ ಬೀಳುವ ಪ್ರಾಣಿಯಾದ್ದರಿಂದ ಕುರಿ ನೋವನ್ನು ತೋರಗೊಡುವುದಿಲ್ಲ. ಕಿವಿಯ ನಿಲುವು, ಕಣ್ಣಿನ ಕಿರಿದಾಗುವಿಕೆ, ಮೂಗಿನ ಆಕಾರ ನೋಡಿ ನೋವನ್ನು ಅಳೆಯುವ ಮಾಪಕವನ್ನು ಕೇಂಬ್ರಿಜ್ ಸಂಶೋಧಕರು ರೂಪಿಸಿದ್ದು 2016ರಲ್ಲಷ್ಟೇ. ಅದಕ್ಕೆ ಮುಂಚಿನ ಎಷ್ಟೋ ಪ್ರಯೋಗಗಳಲ್ಲಿ 'ಸಹಜ' ಎಂದು ಬರೆದುಕೊಂಡ ಬಡಿತದಲ್ಲಿ ನೋವಿನ ಪಾಲೂ ಇದ್ದಿರಬಹುದು.

ಸಾಧನ ತಯಾರಕರು ಮತ್ತು ಶಸ್ತ್ರವೈದ್ಯರ ಉತ್ತರವೂ ನೇರವಾದದ್ದು. ವ್ಯತ್ಯಾಸಗಳು ಯಾವುವೆಂದು ತಿಳಿದಿದ್ದರೆ ಅವುಗಳನ್ನು ಲೆಕ್ಕದಿಂದ ಕಳೆಯಬಹುದು. ಪರೀಕ್ಷಿಸದ ಕವಾಟವನ್ನು ಮೊದಲು ಮನುಷ್ಯನಿಗೆ ಹಾಕುವುದನ್ನು ಯಾರೂ ಒಪ್ಪರು. ಮಧ್ಯದ ದಾರಿ 1959ರಷ್ಟು ಹಳೆಯದು: ಸಾಧ್ಯವಾದಲ್ಲಿ ಪ್ರಾಣಿಗೆ ಬದಲಿ, ಸಂಖ್ಯೆಯಲ್ಲಿ ಇಳಿಕೆ, ವಿಧಾನದಲ್ಲಿ ಸುಧಾರಣೆ ಎಂದು ಬ್ರಿಟನ್ನಿನ ವಿಲಿಯಂ ರಸೆಲ್ ಮತ್ತು ರೆಕ್ಸ್ ಬರ್ಚ್ ಸೂಚಿಸಿದ ಮೂರು ಸೂತ್ರಗಳು. ಭಾರತದ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯೂ ಪ್ರಯೋಗವನ್ನು ನಿಷೇಧಿಸದೆ, ಶಸ್ತ್ರಕ್ರಿಯೆಯಿದ್ದಲ್ಲಿ ನೋವು ತಿಳಿಯದಷ್ಟು ಅರಿವಳಿಕೆ ಕೊಡಬೇಕೆನ್ನುತ್ತದೆ. ಕುರಿಯಂತಹ ದೊಡ್ಡ ಪ್ರಾಣಿಗಳ ಪ್ರಯೋಗಕ್ಕೆ ಸಂಸ್ಥೆಯ ಸಮಿತಿಯ ಒಪ್ಪಿಗೆ ಸಾಲದು, ಕೇಂದ್ರ ಸಮಿತಿಯ ಅನುಮತಿಯೂ ಬೇಕು.

ಇವುಗಳಲ್ಲಿ ಸದ್ಯ ಫಲ ಕೊಡಬಲ್ಲದ್ದು ಎರಡನೆಯ ಸೂತ್ರ, ಅಂದರೆ ಸಂಖ್ಯೆಯ ಇಳಿಕೆ. ಬದಲಿಗಾಗಿ ಕಾಯುತ್ತ ಕೂರುವುದಕ್ಕಿಂತ, ಇರುವ ಅಂಕಿಗಳನ್ನು ಜತನವಾಗಿ ಬಳಸಿದರೆ ಬೇಗ ಉಳಿಯುವ ಕುರಿಗಳು ಹೆಚ್ಚು.

ಹಳೆಯ ಅಂಕಿಗಳು ಹೊಸ ಕುರಿಗಳನ್ನು ಉಳಿಸುವ ಬಗೆ

ಇಂಥ ಹಲವು ಪ್ರಯೋಗಗಳಲ್ಲಿ ಸಾಧನ ಹಾಕಿದ ಗುಂಪಿನ ಪಕ್ಕದಲ್ಲಿ, ಸಾಧನವಿಲ್ಲದೆ ಅದೇ ಶಸ್ತ್ರಚಿಕಿತ್ಸೆಗೆ ಒಳಗಾಗುವ ಹೋಲಿಕೆಯ ಗುಂಪೊಂದು ಇರುತ್ತದೆ. ಈ ಎರಡನೆಯ ಗುಂಪಿನ ಕುರಿಗಳ ಕೆಲಸ ಒಂದೇ: 'ಸಹಜ' ಯಾವುದೆಂದು ತೋರಿಸುವುದು. ಹಿಂದೆ ನಡೆದ ನೂರಾರು ಪ್ರಯೋಗಗಳ ಹೋಲಿಕೆ ಗುಂಪಿನ ಅಂಕಿಗಳನ್ನು ಒಟ್ಟುಗೂಡಿಸಿ, ಹೊಸ ಪ್ರಯೋಗಕ್ಕೆ ಅವನ್ನೇ ಹೋಲಿಕೆಯಾಗಿ ಬಳಸುವ ಆಲೋಚನೆ ಔಷಧ ವಿಷತ್ವದ ಕ್ಷೇತ್ರದಲ್ಲಿ, ಮುಖ್ಯವಾಗಿ ಯುರೋಪಿನಲ್ಲಿ, ಈಗ ವೇಗ ಪಡೆದಿದೆ. ಪ್ರಾಣಿ ಬಳಕೆ ತಗ್ಗಿಸಿ ಎಂಬ ಒತ್ತಡ ಹೆಚ್ಚಿದಷ್ಟೂ ಇದು ಕುರಿಯ ಪ್ರಯೋಗಗಳಿಗೂ ಹಬ್ಬುವ ಸಾಧ್ಯತೆಯೇ ಹೆಚ್ಚು. ಪ್ರಕಟಣೆಯ ಪರೋಕ್ಷ ಪರಿಣಾಮ ದೊಡ್ಡದು ಎಂದದ್ದು ಈ ಅರ್ಥದಲ್ಲಿ.

ತೊಡಕಿರುವುದೂ ಇಲ್ಲೇ. ಕುರಿಯ ತಳಿ, ವಯಸ್ಸು, ತೂಕ, ಉಪವಾಸದ ಅವಧಿ, ಮತ್ತಿನ ಮದ್ದು ಮತ್ತು ಅದರ ಪ್ರಮಾಣ, ಮಲಗಿಸಿದ ಭಂಗಿ, ಯಂತ್ರದ ಉಸಿರೋ ಸ್ವಂತ ಉಸಿರೋ, ಕೊಟ್ಟ ಆಮ್ಲಜನಕದ ಪಾಲು, ಅಳತೆ ತೆಗೆದದ್ದು ಎಷ್ಟನೇ ನಿಮಿಷದಲ್ಲಿ ಇವಿಷ್ಟೂ ದಾಖಲಾಗಿರದಿದ್ದರೆ ಹಳೆಯ ಅಂಕಿ ನಿರುಪಯೋಗಿ, ಉಪಯೋಗಿಸಿದರೆ ಅಪಾಯಕಾರಿ. ಎಚ್ಚರದ ಕುರಿಗಳ ಒತ್ತಡ 95ನ್ನು ಹೋಲಿಕೆಗೆ ಇಟ್ಟು, ಮೇಜಿನ ಮೇಲೆ 70 ಕಂಡರೆ ನಿರಪರಾಧಿ ಸಾಧನ ದೋಷಿಯಾಗುತ್ತದೆ. ಅರಿವಳಿಕೆಯಲ್ಲಿ ಕುಸಿತ ಸಹಜವೆಂದು ನಂಬಿ ಕೂತರೆ ಕೆಟ್ಟ ಸಾಧನ ಪಾರಾಗುತ್ತದೆ. ಪ್ರಯೋಗದ ವಿವರಗಳನ್ನು ಹೇಗೆ ವರದಿ ಮಾಡಬೇಕೆಂಬ 'ಅರೈವ್' ಮಾರ್ಗಸೂಚಿ 2010ರಲ್ಲೇ ಬಂದು 2020ರಲ್ಲಿ ಪರಿಷ್ಕೃತವಾಗಿದೆ. ಅದಕ್ಕೂ ಹಿಂದಿನ ದಶಕಗಳ ವರದಿಗಳಲ್ಲಿ 'ಕುರಿಗಳಿಗೆ ಅರಿವಳಿಕೆ ಕೊಡಲಾಯಿತು' ಎಂಬ ಒಂದೇ ವಾಕ್ಯದಲ್ಲಿ ಎಲ್ಲವೂ ಮುಗಿದುಹೋಗಿರುವುದುಂಟು. ಆ ಕುರಿಗಳು ಈಗ ಮತ್ತೊಂದು ಕುರಿಯನ್ನು ಉಳಿಸಲಾರವು.

ನಮ್ಮ ಮಂದೆಗಳಿಗೆ ಇದರಿಂದೇನು

2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ ಸುಮಾರು 1.11 ಕೋಟಿ ಕುರಿಗಳಿವೆ. ತೆಲಂಗಾಣ, ಆಂಧ್ರಪ್ರದೇಶ ಬಿಟ್ಟರೆ ದೇಶದಲ್ಲಿ ಮೂರನೆಯ ಸ್ಥಾನ. ಇವುಗಳಿಗೂ ಹೆರಿಗೆಯ ತೊಡಕು, ಮೂಳೆ ಮುರಿತ, ಗಾಯ ಬರುತ್ತವೆ, ಅರಿವಳಿಕೆಯೂ ಬೇಕಾಗುತ್ತದೆ. ಹಳ್ಳಿಯ ಪಶು ಆಸ್ಪತ್ರೆಯಲ್ಲಿ ಐಸೊಫ್ಲುರೇನ್ ಯಂತ್ರವಾಗಲೀ ಆಮ್ಲಜನಕದ ಸಿಲಿಂಡರಾಗಲೀ ಇರುವುದು ಅಪರೂಪ. ಕುರಿಗೆ ಸಿಸೇರಿಯನ್ ಮಾಡುವಾಗ ಸ್ಥಳೀಯ ಅರಿವಳಿಕೆಯ ಚುಚ್ಚುಮದ್ದು, ಬೇಕಾದರೆ ಅಳೆದು ಸುರಿದ ಕ್ಸೈಲಜೀನ್, ಇಷ್ಟರಲ್ಲೇ ಕೆಲಸ ಸಾಗುತ್ತದೆ. ಆ ಮದ್ದಿನಿಂದ ಕುರಿಯ ಶ್ವಾಸಕೋಶಕ್ಕೇನಾಗುತ್ತದೆ ಎಂಬ ತಿಳಿವಳಿಕೆ ಬಂದದ್ದು ಪ್ರಯೋಗಶಾಲೆಯ ಕುರಿಗಳಿಂದಲೇ. ಪ್ರಾಣಿ ಪ್ರಯೋಗದ ಚರ್ಚೆಯಲ್ಲಿ ಲಾಭವನ್ನೆಲ್ಲ ಮನುಷ್ಯನ ಖಾತೆಗೇ ಬರೆಯುವ ರೂಢಿಯಿದೆ. ಕುರಿಗೆ ಸಲ್ಲುವ ಪಾಲನ್ನು ಎರಡೂ ಪಕ್ಷದವರು ಮರೆಯುತ್ತಾರೆ.

ಪುಸ್ತಕದ ಅಂಕಿಗಳಲ್ಲಿ ಬಹುಪಾಲು ತಂಪು ದೇಶಗಳ ದೊಡ್ಡ ತಳಿಗಳ ಮೇಲೆ ಅಳೆದವು. ಮೂವತ್ತು ಕಿಲೋ ಆಸುಪಾಸಿನ ಬನ್ನೂರು ಕುರಿಗೂ, ಉತ್ತರ ಕರ್ನಾಟಕದ ಬಯಲಿನಲ್ಲಿ ದಿನಕ್ಕೆ ಹತ್ತಾರು ಕಿಲೋಮೀಟರ್ ನಡೆಯುವ ಡೆಕ್ಕನಿ ಕುರಿಗೂ ಅವು ಎಷ್ಟರಮಟ್ಟಿಗೆ ಹೊಂದುತ್ತವೆ ಎಂಬುದನ್ನು ಅಳೆದೇ ನೋಡಬೇಕು. ಕುರಿಯ ಹಿಮೋಗ್ಲೋಬಿನ್‌ನಲ್ಲೇ ಎ ಮತ್ತು ಬಿ ಎಂಬ ಎರಡು ಮುಖ್ಯ ಬಗೆಗಳಿದ್ದು, ಅವು ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುವ ಬಲ ಬೇರೆಬೇರೆ. ಯಾವ ತಳಿಯಲ್ಲಿ ಯಾವುದು ಹೆಚ್ಚು ಎಂಬುದರ ಮೇಲೆ ರಕ್ತದ ಅಂಕಿಯೂ ಬದಲಾಗುತ್ತದೆ. ಇಂಥ ಅಳತೆಗೆ ಶಸ್ತ್ರಚಿಕಿತ್ಸೆ ಬೇಡ, ಕುರಿಯನ್ನು ಕೊಲ್ಲಬೇಕಾಗಿಲ್ಲ. ನೆರಳಿನಲ್ಲಿ ಮಂದೆಯೊಂದಿಗೆ ನಿಂತು ಮೆಲುಕು ಹಾಕುತ್ತಿರುವ ಕುರಿಯ ಬಡಿತ, ಉಸಿರು, ಶಾಖಗಳನ್ನು ಬೆಳಿಗ್ಗೆಯೊಮ್ಮೆ, ಏಪ್ರಿಲ್ ತಿಂಗಳ ಮಧ್ಯಾಹ್ನ ಮೂರಕ್ಕೊಮ್ಮೆ ತೆಗೆದು, ಬೇರೆ ಕಾರಣಕ್ಕೆ ಹೇಗೂ ಅರಿವಳಿಕೆ ಪಡೆಯುವ ಕುರಿಗಳ ಅಂಕಿಯನ್ನು ಮದ್ದಿನ ಹೆಸರು ಮತ್ತು ನಿಮಿಷದ ಸಮೇತ ಬರೆದಿಟ್ಟುಕೊಂಡರೆ ಆಯಿತು. ಅದಕ್ಕೆ ಬೇಕಾದದ್ದು ಥರ್ಮಾಮೀಟರ್, ಸ್ಟೆತಸ್ಕೋಪ್, ಗಡಿಯಾರ ಮತ್ತು ಒಂದು ನೋಟ್‌ಬುಕ್.